ವ್ರತವೂ ಋಣವೂ

ಸತ್ಯವೆಂಬುದು ಸರ್ವೋತ್ತಮವಾದ ಧರ್ಮವೆಂಬುದರಲ್ಲಿ ವಿವಾದವಿಲ್ಲ. ಕೊಟ್ಟ ಮಾತಿಗೆ ತಪ್ಪದಿರುವುದು ಮನುಷ್ಯನಿಗೆ ಭೂಷಣವೆಂದು ಮಕ್ಕಳಿಗೆ ತೊಟ್ಟಿಲಿನಿಂದಲೇ ಹೇಳಿಕೊಡುವುದು ಕನ್ನಡ ನಾಡಿನ ರೂಢಿ. ಹಾಗೆ ಹೇಳಿಕೊಡುವಾಗ ಹಿರಿಯರ ಬಾಯಿಗೆ ಮೊದಲು ಬರುವ ಹೆಸರು ಹರಿಶ್ಚಂದ್ರನದು. ರಾಜ್ಯ ಹೋಯಿತು, ಹೆಂಡತಿ ಮಾರಾಟವಾದಳು, ಮಗನು ಸತ್ತನು, ಅರಸನು ಸುಡುಗಾಡನ್ನು ಕಾದನು. ಆದರೂ ಮಾತು ಉಳಿಯಿತು. ಈ ಕಥೆಯನ್ನು ಕೇಳಿ ಕಣ್ಣೀರು ಒರಸಿಕೊಳ್ಳದ ಮನೆಯಿಲ್ಲ. ಆದರೆ ಒರಸಿಕೊಂಡ ಮೇಲೆ ವಿಚಾರಶೀಲನಾದ ವಾಚಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯದೆ ಇರದು. ಮಾತು ಕೊಟ್ಟವನು ಒಬ್ಬನು. ಅದರ ಬೆಲೆಯನ್ನು ತೆತ್ತವರು ಮೂವರು. ಒಬ್ಬನ ವ್ರತಕ್ಕೆ ಮತ್ತೊಬ್ಬರು ಬೆಲೆ ತೆತ್ತಾಗ ಆ ವ್ರತದ ಪುಣ್ಯವು ಯಾರದು? ಬೆಲೆ ತೆತ್ತವರಿಗೆ ವ್ರತನಿಷ್ಠನು ಏನಾದರೂ ಋಣಿಯೇ? ಈ ಪ್ರಶ್ನೆಯು ಕಥೆಯನ್ನು ಹೀನಾಯಿಸುವುದಕ್ಕಾಗಿ ಹುಟ್ಟಿದುದಲ್ಲ. ಕಥೆಯನ್ನು ನಿಜವಾಗಿ ನೋಡುವುದರಿಂದ ಹುಟ್ಟಿದುದು.

ನೋಡುವುದು ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಿದೆ. ಈ ಕಥೆಯನ್ನು ಕನ್ನಡಿಗರು ಕಾಲಕಾಲಕ್ಕೆ ಬೇರೆ ಬೇರೆ ಬಗೆಯಾಗಿ ಕೇಳಿದ್ದಾರೆ, ನೋಡಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಹಂಪೆಯ ರಾಘವಾಂಕನು ಅದನ್ನು ಷಟ್ಪದಿಯಲ್ಲಿ ಕಾವ್ಯವಾಗಿ ಕಟ್ಟಿದನು. ಅಂದಿನಿಂದ ಗಮಕಿಗಳ ಕಂಠದಲ್ಲಿ ಅದು ಮನೆಮನೆಗೆ ಬಂತು. ಅನಂತರ ವೃತ್ತಿನಾಟಕದ ಕಂಪೆನಿಗಳು ಅದನ್ನು ರಂಗದ ಮೇಲೆ ತಂದವು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ, ಊರಹಬ್ಬದ ಹೊತ್ತಿಗೆ, ಪೌರಾಣಿಕ ನಾಟಕವನ್ನು ಆಡುವುದು ವಾಡಿಕೆ. ಅಂತರಸಂತೆಯಂತಹ ಊರುಗಳಲ್ಲಿ ಹಗಲೆಲ್ಲ ಹೊಲದಲ್ಲಿ ದುಡಿದ ರೈತನು ರಾತ್ರಿ ಕಿರೀಟವಿಟ್ಟುಕೊಂಡು ಅಯೋಧ್ಯೆಯ ಅರಸನಾಗುವನು. ಹಾರ್ಮೋನಿಯಮ್ ಮೇಷ್ಟರು ಶ್ರುತಿ ಹಿಡಿಯುವರು. ಬಾಡಿಗೆಗೆ ತಂದ ಪರದೆಯ ಮೇಲೆ ಕಾಶಿಯ ಬೀದಿಯೂ ಮಸಣವೂ ಒಂದಾದ ಮೇಲೊಂದು ಇಳಿಯುವುವು. ಸಂಭಾಷಣೆಗಿಂತ ಹಾಡೇ ಹೆಚ್ಚಾಗಿರುವ ಇಂತಹ ನಾಟಕಗಳನ್ನು ಗೀತನಾಟಕಗಳೆಂದು ಕರೆದರೂ ತಪ್ಪಾಗಲಾರದು.

ಇದೇ ಕಥೆಗೆ ಚಲಚ್ಚಿತ್ರದೊಡನೆಯೂ ವಿಶೇಷವಾದ ನಂಟಿದೆ. ದಾದಾಸಾಹೇಬ ಫಾಲ್ಕೆಯವರು 1913ರಲ್ಲಿ ಮುಂಬಯಿಯಲ್ಲಿ ತೋರಿಸಿದ, ಭಾರತದ ಮೊದಲ ಕಥಾಚಿತ್ರವೆಂದು ಹೆಸರಾದ ಮೂಕಚಿತ್ರವು ಹರಿಶ್ಚಂದ್ರನದೇ. ಅದರಲ್ಲಿ ರಾಣಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಪುರುಷರು ವಹಿಸಿದ್ದರು. ಕನ್ನಡ ರಂಗಭೂಮಿಯಲ್ಲಿ ಪಳಗಿದ ಆರ್. ನಾಗೇಂದ್ರರಾಯರು 1943ರಲ್ಲಿ ‘ಸತ್ಯ ಹರಿಶ್ಚಂದ್ರ’ ವಾಕ್ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ಎಂ. ವಿ. ಸುಬ್ಬಯ್ಯನಾಯುಡು ಅವರು ಅರಸನಾಗಿಯೂ ಲಕ್ಷ್ಮೀಬಾಯಿಯವರು ಚಂದ್ರಮತಿಯಾಗಿಯೂ ಅಭಿನಯಿಸಿದರು. ಆ ಚಿತ್ರಕ್ಕೆ ಮರುವರ್ಷವೇ ತಮಿಳಿನ ಮಾತನ್ನು ಜೋಡಿಸಿ ತೋರಿಸಲಾಯಿತು. ಮುಂದೆ 1965ರಲ್ಲಿ, ಹುಣಸೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತ ಹುಣಸೂರು ಕೃಷ್ಣಮೂರ್ತಿಯವರು ಅದೇ ಕಥೆಯನ್ನು ಮತ್ತೆ ಚಿತ್ರಿಸಿದರು. ರಾಜಕುಮಾರರು ಹರಿಶ್ಚಂದ್ರ, ಪಂಢರೀಬಾಯಿಯವರು ಚಂದ್ರಮತಿ, ಉದಯಕುಮಾರರು ವಿಶ್ವಾಮಿತ್ರ. ಕಪ್ಪು ಬಿಳುಪಿನ ಆ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿ ಮರಳಿ ತೆರೆಗೆ ತಂದರು. ಕೃಷ್ಣಮೂರ್ತಿಯವರೂ ನಾಟಕ ಕಂಪೆನಿಗಳಲ್ಲಿ ನುರಿತವರೇ ಆದುದರಿಂದ, ಈ ಎರಡು ಚಿತ್ರಗಳಲ್ಲಿಯೂ ರಂಗಭೂಮಿಯ ಉಸಿರು ಕೇಳಿಬರುತ್ತದೆ.

ರಂಗದಿಂದ ತೆರೆಗೆ ಬಂದಾಗ ಕಥೆಯು ಬದಲಾಗಲಿಲ್ಲ. ಆದರೆ ಪ್ರೇಕ್ಷಕನ ಕಣ್ಣು ನಿಲ್ಲುವ ಸ್ಥಾನವು ಬದಲಾಯಿತು. ಹಳ್ಳಿಯ ರಂಗದಲ್ಲಿ ಅರಸನು ನಡುವೆ ನಿಂತು ಕಂದವನ್ನೋ ಸೀಸವನ್ನೋ ಎತ್ತಿ ಹಾಡಿದನೆಂದರೆ ಸಾವಿರ ಜನರ ದೃಷ್ಟಿಯೂ ಅವನ ಮೇಲೆಯೇ. ಹಾಡು ಚೆನ್ನಾಗಿದ್ದರೆ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತದೆ. ಮಸಣದ ದೃಶ್ಯದಲ್ಲಿ ಸತ್ತ ಮಗುವು ನೆಲದ ಮೇಲೆ ಬಿದ್ದಿರುವಾಗಲೇ ತಂದೆಯು ಅದೇ ಹಾಡನ್ನು ಎರಡನೆಯ ಸಲ ಹಾಡುವುದುಂಟು. ಪಕ್ಕದಲ್ಲಿ ಕುಳಿತ ಚಂದ್ರಮತಿಯ ಪಾತ್ರಧಾರಿಯು ಆ ಹಾಡು ಮುಗಿಯುವವರೆಗೆ ಸೆರಗಿನಲ್ಲಿ ಮುಖ ಮುಚ್ಚಿ ಸುಮ್ಮನಿರಬೇಕು. ಆ ಮುಖದಲ್ಲಿ ಏನಿದೆಯೆಂಬುದು ಹಿಂದಿನ ಸಾಲಿನವರಿಗಂತೂ ಕಾಣದು. ತೆರೆಯ ಮೇಲೆ ಹಾಗಲ್ಲ. ಅಲ್ಲಿ ಅರಸನು ಮಾತನಾಡುತ್ತಿರುವಾಗ ಅದನ್ನು ಕೇಳುತ್ತಿರುವವಳ ಮುಖವು ಕೈಯಳತೆಯಲ್ಲಿ ಬಂದು ನಿಲ್ಲಬಲ್ಲದು. ನಿರ್ಧಾರವನ್ನು ಮಾಡಿದವನಿಗಿಂತ ನಿರ್ಧಾರವನ್ನು ಕೇಳಿಸಿಕೊಂಡವರು ಆ ಕ್ಷಣದಲ್ಲಿ ದೊಡ್ಡವರಾಗಿ ಕಾಣುತ್ತಾರೆ. ಸ್ವರವು ವ್ರತಿಯದಾಗಿದ್ದರೂ ದೃಷ್ಟಿಯು ಬೆಲೆ ತೆತ್ತವಳ ಮೇಲೆ ನಿಲ್ಲಬಹುದಾಯಿತು. ಇದು ಕೇವಲ ಯಂತ್ರದ ಚಮತ್ಕಾರವೆಂದು ತಳ್ಳಿಹಾಕತಕ್ಕುದಲ್ಲ. ಧರ್ಮವಿಚಾರಕ್ಕೆ ಒದಗಿಬಂದ ಒಂದು ಹೊಸ ಕಿಟಕಿ.

ಪಾಶ್ಚಾತ್ಯರಲ್ಲಿಯೂ ಇಂತಹದೇ ಒಂದು ನಿದರ್ಶನವಿದೆ. ಫ್ರಾನ್ಸ್ ದೇಶದ ಹೆಕ್ಟರ್ ಬೆರ್ಲಿಯೋಜ್ ಎಂಬ ಸಂಗೀತಕಾರನು 1856ರಿಂದ 1858ರವರೆಗೆ ಶ್ರಮಿಸಿ, ಲ್ಯಾಟಿನ್ ಮಹಾಕವಿ ವರ್ಜಿಲನ ‘ಈನಿಯಡ್’ ಕಾವ್ಯವನ್ನು ಆಧರಿಸಿ, ಟ್ರಾಯ್ ನಗರದ ಜನರೆಂಬ ಹೆಸರಿನ ಐದು ಅಂಕಗಳ ಮಹಾ ಗೀತನಾಟಕವನ್ನು ರಚಿಸಿದನು. ಸುಮಾರು ನಾಲ್ಕು ಗಂಟೆಗಳ ಸಂಗೀತ. 1863ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಕೊನೆಯ ಮೂರು ಅಂಕಗಳು ಮಾತ್ರ ರಂಗವನ್ನು ಕಂಡವು. ಪೂರ್ಣ ಕೃತಿಯು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಎರಡು ರಾತ್ರಿಗಳಲ್ಲಿ ಪ್ರದರ್ಶಿತವಾದುದು 1890ರಲ್ಲಿ, ಕರ್ತೃವು ಕಾಲವಾಗಿ ಇಪ್ಪತ್ತೊಂದು ವರ್ಷಗಳು ಕಳೆದ ಮೇಲೆ. ಕಥೆಯು ಸಂಕ್ಷೇಪವಾಗಿ ಇಷ್ಟು: ಸುಟ್ಟುಹೋದ ಟ್ರಾಯಿಯಿಂದ ತಪ್ಪಿಸಿಕೊಂಡ ವೀರ ಈನಿಯಸನು ಕಾರ್ಥೇಜಿನ ರಾಣಿ ಡಿಡೋಳ ಆಶ್ರಯವನ್ನೂ ಪ್ರೇಮವನ್ನೂ ಪಡೆಯುತ್ತಾನೆ. ಇಟಲಿಗೆ ಹೋಗಿ ಹೊಸ ರಾಜ್ಯಕ್ಕೆ ಅಸ್ತಿಭಾರ ಹಾಕಬೇಕೆಂದು ದೇವತೆಗಳ ಆಜ್ಞೆ. ಗತಿಸಿದ ಟ್ರಾಯಿಯ ಹಿರಿಯರು ಪ್ರೇತರೂಪದಲ್ಲಿ ಬಂದು ಹೊರಡೆಂದು ಒತ್ತಾಯಿಸುತ್ತಾರೆ. ಅವನು ಹೊರಡುತ್ತಾನೆ. ಡಿಡೋ ಚಿತೆಯನ್ನೇರಿ ಪ್ರಾಣಬಿಡುತ್ತಾಳೆ. ಮುಂದೆ ಅವನ ಸಂತತಿಯಿಂದ ರೋಮ್ ಹುಟ್ಟುತ್ತದೆ.

ಈ ಕೃತಿಯ ರಂಗಪ್ರಯೋಗಗಳನ್ನು ಈಚಿನ ದಶಕಗಳಲ್ಲಿ ಹಲವು ಸಲ ಚಿತ್ರೀಕರಿಸಿದ್ದಾರೆ. 1983ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾದಲ್ಲಿ ನಡೆದ ಪ್ರಯೋಗದಲ್ಲಿ ಪ್ಲಾಸಿಡೋ ಡೊಮಿಂಗೋ ಈನಿಯಸನಾಗಿಯೂ ಟಟಿಯಾನಾ ಟ್ರೊಯಾನೋಸ್ ಡಿಡೋ ಆಗಿಯೂ ಹಾಡಿದರು. 2003ರಲ್ಲಿ ಪ್ಯಾರಿಸ್ಸಿನ ಷಾಟ್ಲೇ ರಂಗಮಂದಿರದ ಪ್ರಯೋಗವೂ ಚಿತ್ರವಾಗಿ ಉಳಿದಿದೆ. ಸಾವಿರಾರು ಜನರು ಕುಳಿತ ಮಂದಿರದಲ್ಲಿ ದೂರದಿಂದ ಒಂದು ಗೊಂಬೆಯಷ್ಟೇ ಕಾಣುವ ರಾಣಿಯು, ಚಿತ್ರದಲ್ಲಿ ಮನೆಯ ಪಡಸಾಲೆಗೇ ಬಂದು ಎದುರು ನಿಲ್ಲುತ್ತಾಳೆ. ಬೆರ್ಲಿಯೋಜನ ಮನೋಧರ್ಮಕ್ಕೆ ಇದು ಒಪ್ಪುವುದೇ ಸರಿ. ಅವನು ಬಾಲಕನಾಗಿ ತಂದೆಯ ಮುಂದೆ ಕುಳಿತು ವರ್ಜಿಲನನ್ನು ಅರ್ಥೈಸುತ್ತಿದ್ದಾಗ, ಡಿಡೋಳ ಮರಣದ ಭಾಗ ಬಂದೊಡನೆ ಕಂಠ ಬಿಗಿದು ಮುಂದೆ ಓದಲಾರದೆ ಹೋದನೆಂದೂ, ತಂದೆಯು ಅದನ್ನರಿತು ಪುಸ್ತಕವನ್ನು ಮುಚ್ಚಿದನೆಂದೂ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ನಾಟಕದ ಕೊನೆಯಲ್ಲಿ ಅವನು ಒಂದು ವಿಚಿತ್ರವಾದ ಸಂಧಿಯನ್ನು ಮಾಡಿದ್ದಾನೆ: ಹಿಂದೆ ರೋಮಿನ ವೈಭವವು ದರ್ಶನವಾಗಿ ತೋರುತ್ತಿರುತ್ತದೆ, ವಾದ್ಯಗಳು ಟ್ರಾಯಿಯವರ ವಿಜಯಘೋಷವನ್ನು ನುಡಿಸುತ್ತಿರುತ್ತವೆ, ಅದೇ ಹೊತ್ತಿನಲ್ಲಿ ಕಾರ್ಥೇಜಿನ ಜನರು ಆ ವಂಶವನ್ನು ಶಪಿಸುತ್ತಿರುತ್ತಾರೆ. ಜಯವೂ ಶಾಪವೂ ಒಂದೇ ಉಸಿರಿನಲ್ಲಿ. ಯಾವುದು ನಿಜವೆಂದು ಅವನು ತೀರ್ಪು ಕೊಡುವುದಿಲ್ಲ. ಎರಡೂ ನಿಜವೆಂಬುದೇ ಅವನ ತೀರ್ಪು.

ಈಗ ಶಾಸ್ತ್ರವು ಏನೆನ್ನುತ್ತದೆಂಬುದನ್ನು ನೋಡಬೇಕು. ಹರಿಶ್ಚಂದ್ರನು ವಿಶ್ವಾಮಿತ್ರನಿಗೆ ಸರ್ವಸ್ವವನ್ನೂ ಕೊಟ್ಟನು. ಸರ್ವಸ್ವದಾನವೆಂದರೇನೆಂಬ ಪ್ರಶ್ನೆಯನ್ನು ಜೈಮಿನಿಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ, ವಿಶ್ವಜಿತ್ತೆಂಬ ಯಾಗದ ಪ್ರಸಂಗದಲ್ಲಿ, ಎತ್ತಿಕೊಂಡಿದ್ದಾನೆ. ಆ ಯಾಗದಲ್ಲಿ ಯಜಮಾನನು ತನ್ನದೆಲ್ಲವನ್ನೂ ದಕ್ಷಿಣೆಯಾಗಿ ಕೊಡಬೇಕೆಂದು ವಿಧಿ. ‘ತನ್ನದು’ ಎಂದರೆ ತನ್ನ ತಂದೆ, ತನ್ನ ತಾಯಿ ಎಂಬವರೂ ಸೇರುತ್ತಾರೆಯೆ? ಸೇರುವುದಿಲ್ಲವೆಂದು ಸಿದ್ಧಾಂತ. ಯಾವುದರ ಮೇಲೆ ಮನುಷ್ಯನಿಗೆ ಒಡೆತನವಿದೆಯೋ ಅದನ್ನು ಮಾತ್ರ ಅವನು ಕೊಡಬಲ್ಲನು. ಬಂಧುತ್ವವೆಂಬುದು ಸಂಬಂಧವೇ ಹೊರತು ಒಡೆತನವಲ್ಲ. ಇನ್ನೂ ಮುಂದೆ ಹೋಗಿ ಅದೇ ಪಾದವು, ಭೂಮಂಡಲವನ್ನು ಅರಸನೂ ದಾನಮಾಡಲಾರನೆನ್ನುತ್ತದೆ. ಏಕೆಂದರೆ ಭೂಮಿಯು ಎಲ್ಲರಿಗೂ ಸಮಾನವಾದುದು, ಅರಸನಿಗೆ ಅದರ ಪಾಲನೆಯ ಭಾರವುಂಟೇ ಹೊರತು ಸ್ವಾಮ್ಯವಿಲ್ಲ. ಯಾಜ್ಞವಲ್ಕ್ಯಸ್ಮೃತಿಯೂ ಇದೇ ದಾರಿಯನ್ನು ಹಿಡಿಯುತ್ತದೆ: ಕುಟುಂಬಕ್ಕೆ ಬಾಧೆಯಾಗದಂತೆ ತನ್ನ ಸ್ವತ್ತನ್ನು ಕೊಡಬಹುದು, ಆದರೆ ಹೆಂಡತಿ ಮಕ್ಕಳು ಕೊಡತಕ್ಕ ವಸ್ತುಗಳಲ್ಲ. ಇನ್ನು ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಯನ್ನು ಯಾರು ಮರೆಯಬಲ್ಲರು? ತನ್ನನ್ನೇ ಸೋತವನಿಗೆ ಆಮೇಲೆ ಹೆಂಡತಿಯನ್ನು ಪಣವಾಗಿ ಒಡ್ಡುವ ಅಧಿಕಾರವೆಲ್ಲಿಯದು ಎಂದಳು. ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಭೀಷ್ಮರಂತಹವರೇ ನೇರವಾದ ಉತ್ತರ ಕೊಡಲಾರದೆ ಹೋದರು. ಹೀಗಿರುವಾಗ, ಹರಿಶ್ಚಂದ್ರನು ಕೊಟ್ಟುದರಲ್ಲಿ ಬಹುಭಾಗವು ಶಾಸ್ತ್ರದ ಕಣ್ಣಿನಲ್ಲಿ ಅವನ ಸ್ವಂತದ್ದಲ್ಲವೆಂದು ಹೇಳಬೇಕಾಗುತ್ತದೆ.

ಇದಕ್ಕೆ ಸಮಾಧಾನವಿಲ್ಲದೆ ಇಲ್ಲ. ಸತಿಯು ಸಹಧರ್ಮಿಣಿ, ಪತಿಯ ವ್ರತವು ಅವಳ ವ್ರತವೂ ಹೌದು, ಆದುದರಿಂದ ಚಂದ್ರಮತಿಯು ಮತ್ತೊಬ್ಬರ ಸಾಲವನ್ನು ತೀರಿಸಲಿಲ್ಲ, ತನ್ನದನ್ನೇ ತೀರಿಸಿದಳೆಂದು ಹಲವರು ಹೇಳುವರು. ಈ ಮಾತಿನಲ್ಲಿ ಸತ್ತ್ವವಿದೆ. ಮಾರ್ಕಂಡೇಯ ಪುರಾಣದಲ್ಲಿ ಮಾರುವ ಮಾತನ್ನು ಮೊದಲು ಆಡುವವಳು ರಾಣಿಯೇ. ಅದನ್ನು ಕೇಳಿ ಅರಸನು ಮೂರ್ಛೆ ಹೋಗುತ್ತಾನೆ. ರಾಘವಾಂಕನ ಕಾವ್ಯದಲ್ಲಿಯೂ, ಕೊಲೆಯ ಅಪವಾದಕ್ಕೆ ಸಿಕ್ಕಿ ಗಂಡನ ಕತ್ತಿಗೇ ಕೊರಳೊಡ್ಡಬೇಕಾಗಿ ಬಂದಾಗ ಅವಳು ಅಧೀರಳಾಗುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದೇನು? ವ್ರತವು ಇಬ್ಬರದೆಂದರೆ ಕೀರ್ತಿಯೂ ಇಬ್ಬರದಾಗಬೇಕು. ಲೋಕವು ‘ಸತ್ಯ’ ಎಂಬ ಬಿರುದನ್ನು ಹರಿಶ್ಚಂದ್ರನ ಹೆಸರಿಗೆ ಮಾತ್ರ ಅಂಟಿಸಿತು. ಸತ್ಯ ಚಂದ್ರಮತಿಯೆಂದು ಯಾರೂ ಕರೆಯಲಿಲ್ಲ. ಅವಳಿಗೆ ‘ಸತಿ’ ಎಂಬ ಹೆಸರು ಸಾಕೆಂದು ತೀರ್ಮಾನಿಸಿದರು. ಪಾಲುದಾರಳೆಂದು ಹೇಳಿ ನಷ್ಟದಲ್ಲಿ ಮಾತ್ರ ಪಾಲು ಕೊಡುವುದು ವ್ಯಾಪಾರಿಗಳಲ್ಲಿಯೂ ನ್ಯಾಯವೆನಿಸದು.

ಅದೂ ಹೋಗಲಿ, ಮಗುವಿನ ಮಾತೇನು? ಲೋಹಿತಾಶ್ವನು ಯಾವ ವ್ರತವನ್ನೂ ತೊಟ್ಟವನಲ್ಲ. ತಾಯಿಯನ್ನು ಕೊಂಡವನು ಎಳೆದುಕೊಂಡು ಹೋಗುವಾಗ ಅವನು ಅವಳ ಸೆರಗನ್ನು ಹಿಡಿದುಕೊಂಡನು, ಅಷ್ಟೆ; ಮಗುವನ್ನೂ ಕೊಳ್ಳಬೇಕೆಂದು ತಾಯಿಯೇ ಬೇಡಿಕೊಳ್ಳಬೇಕಾಯಿತು. ಅವನ ಸಮ್ಮತಿಯನ್ನು ಯಾರು ಕೇಳಿದರು, ಕೇಳಿದ್ದರೂ ಅವನೇನು ಹೇಳಬಲ್ಲವನಾಗಿದ್ದನು? ಈ ಸಂದರ್ಭದಲ್ಲಿ ಹರಿಶ್ಚಂದ್ರನ ಇನ್ನೂ ಪ್ರಾಚೀನವಾದ ಕಥೆಯೊಂದು ನೆನಪಿಗೆ ಬರುತ್ತದೆ. ಐತರೇಯ ಬ್ರಾಹ್ಮಣದಲ್ಲಿ ಈ ಅರಸನು, ಮಗ ಹುಟ್ಟಿದರೆ ಅವನನ್ನೇ ಆಹುತಿಯಾಗಿ ಕೊಡುವೆನೆಂದು ವರುಣನಿಗೆ ಮಾತು ಕೊಡುತ್ತಾನೆ. ದೊಡ್ಡವನಾದ ಮಗನು ಬಿಲ್ಲನ್ನು ಹಿಡಿದು ಕಾಡಿಗೆ ನಡೆದುಬಿಡುತ್ತಾನೆ. ತಾನು ಕೊಡದ ಮಾತಿಗೆ ತಾನು ಬಲಿಯಾಗಲಾರೆನೆಂಬುದೇ ಅವನ ನಡೆಯ ಅರ್ಥ. ಕೊನೆಗೆ ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನೆಂಬವನಿಗೆ ನೂರು ಹಸುಗಳನ್ನು ಕೊಟ್ಟು ಅವನ ನಡುವಣ ಮಗ ಶುನಃಶೇಪನನ್ನು ಕೊಂಡು ತರುತ್ತಾರೆ. ಕಂಬಕ್ಕೆ ಕಟ್ಟಲು ಬೇರೆ ಯಾರೂ ಒಪ್ಪದಿರಲು ಇನ್ನೊಂದು ನೂರು ಹಸುಗಳಿಗೆ ತಂದೆಯೇ ಕಟ್ಟುತ್ತಾನೆ. ಮತ್ತೊಂದು ನೂರಕ್ಕೆ ಕತ್ತಿಯನ್ನೂ ಮಸೆಯುತ್ತಾನೆ. ದೇವತೆಗಳನ್ನು ಸ್ತುತಿಸಿ ಬಾಲಕನು ಬಿಡುಗಡೆ ಹೊಂದಿದ ಮೇಲೆ, ತಂದೆಯ ಬಳಿಗೆ ಮರಳಲು ಒಪ್ಪದೆ ವಿಶ್ವಾಮಿತ್ರನ ಮಗನಾಗುತ್ತಾನೆ. ದೊಡ್ಡವರ ಮಾತಿನ ಬೆಲೆಯು ಮೆಟ್ಟಲು ಮೆಟ್ಟಲಾಗಿ ಕೆಳಗಿಳಿದು, ಕೊನೆಗೆ ಅತ್ಯಂತ ಬಡವನ, ಅತ್ಯಂತ ದುರ್ಬಲನಾದ ಮಗನ ಕೊರಳಿಗೆ ಬಂದು ನಿಲ್ಲುತ್ತದೆಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಕಥೆಯು ಅಪರೂಪ.

ಹಾಗಾದರೆ ಬೇರೆಯವರಿಗೆ ನೋವಾಗುವಂತಹ ಯಾವ ಮಹತ್ಕಾರ್ಯವನ್ನೂ ಮಾಡಬಾರದೋ? ಹಾಗೆಂದರೆ ಲೋಕಯಾತ್ರೆಯೇ ನಿಲ್ಲುವುದು. ದೇಶಕ್ಕಾಗಿ ಹೋರಾಡುವವನ ಮನೆಯವರು ನೋಯುವರು. ವಿದ್ಯೆಗಾಗಿ ಊರು ಬಿಡುವವನ ತಾಯಿ ಅಳುವಳು. ನೋವನ್ನು ಪೂರ್ಣವಾಗಿ ತಪ್ಪಿಸುವುದು ಮನುಷ್ಯನ ಕೈಯಲ್ಲಿಲ್ಲ. ಆದರೆ ಮೂರು ಕಾರ್ಯಗಳು ಅವನ ಕೈಯಲ್ಲಿವೆ. ಬೆಲೆ ತೆರಬೇಕಾದವರನ್ನು ಮೊದಲು ಕೇಳುವುದು ಒಂದು. ತೆತ್ತ ಮೇಲೆ ಫಲದಲ್ಲಿ ಅವರಿಗೆ ಪಾಲು ಕೊಡುವುದು ಎರಡು. ಪಾಲು ಕೊಡಲಾಗದಿದ್ದರೆ, ಅವರು ತೆತ್ತರೆಂಬುದನ್ನು ಮರೆಯದೆ ಬಾಯಿಬಿಟ್ಟು ಹೇಳುವುದು ಮೂರು. ಈ ಮೂರೂ ಇಲ್ಲದ ವ್ರತವು ಎಷ್ಟೇ ಉಜ್ಜ್ವಲವಾಗಿ ಕಂಡರೂ ಅದರಲ್ಲಿ ಅನ್ಯರ ಸ್ವತ್ತು ಸೇರಿಕೊಂಡಿದೆಯೆಂದೇ ತಿಳಿಯಬೇಕು.

ಇದು ಪುರಾಣಕಾಲದ ಮಾತಷ್ಟೇ ಅಲ್ಲ. ಅಂತರಸಂತೆಗೆ ದೂರವಲ್ಲದ ಬೀಚನಹಳ್ಳಿಯ ಬಳಿ ಕಪಿಲಾ ನದಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಕಬಿನಿ ಜಲಾಶಯವೆಂದು ಹೆಸರಾದ ಆ ನೀರಿನಿಂದ ಕೆಳಗಣ ಬಯಲುಗಳು ಹಸುರಾದವು. ಅದು ಸಣ್ಣ ಉಪಕಾರವಲ್ಲ. ಆದರೆ ಆ ನೀರಿನ ಅಡಿಯಲ್ಲಿ ಹಲವು ಹಳ್ಳಿಗಳ ಮನೆಯ ಅಂಗಳ, ಒಕ್ಕುವ ಕಣ, ಊರಬಾವಿಗಳಿವೆ. ತಲೆತಲಾಂತರದಿಂದ ಕಾಡಿನಲ್ಲಿ ಬಾಳಿದ ಜೇನುಕುರುಬರೂ ಕಾಡುಕುರುಬರೂ, ಮೊದಲು ಜಲಾಶಯಕ್ಕಾಗಿಯೂ ಅನಂತರ ವನ್ಯಮೃಗಗಳ ರಕ್ಷಣೆಗಾಗಿಯೂ ತಮ್ಮ ಹಾಡಿಗಳನ್ನು ಬಿಟ್ಟು ಹೊರಬರಬೇಕಾಯಿತು. ನೀರು ಬೇಡವಾಗಿತ್ತೆಂದಾಗಲಿ ಹುಲಿಯು ಉಳಿಯಬಾರದೆಂದಾಗಲಿ ಇಲ್ಲಿ ವಾದವಲ್ಲ. ಕೆಳಗಣ ಗದ್ದೆಯಲ್ಲಿ ಬತ್ತದ ತೆನೆಯನ್ನು ಕಂಡು ಸಂತೋಷಿಸುವವನಿಗೆ, ಅದರ ಒಂದು ಪಾಲಿನ ಬೆಲೆಯನ್ನು ಮೇಲಣ ಊರಿನವನು ತೆತ್ತನೆಂಬ ಅರಿವಿದೆಯೆ ಎಂಬುದೇ ಪ್ರಶ್ನೆ. ಅರಿವಿದ್ದರೆ ಅವನು ಋಣಿ. ಇಲ್ಲದಿದ್ದರೆ ಅವನು ಸಾಲವನ್ನು ಮರೆತವನು.

ಈ ಅರಿವನ್ನು ಹುಟ್ಟಿಸುವುದರಲ್ಲಿ ಚಿತ್ರವು ಉಪಕಾರಿಯೆಂದು ಮೇಲೆ ಹೇಳಿದೆ. ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಹತ್ತಿರದಿಂದ ಕಂಡ ಮುಖವು ಬೇಗನೆ ಕಣ್ಣೀರನ್ನು ತರಿಸುತ್ತದೆ. ಕಣ್ಣೀರು ಬಂದೊಡನೆ ತನ್ನ ಕರ್ತವ್ಯವು ಮುಗಿಯಿತೆಂದು ಪ್ರೇಕ್ಷಕನು ತಿಳಿದುಬಿಡುತ್ತಾನೆ. ಚಂದ್ರಮತಿಗಾಗಿ ಅತ್ತು ಮನೆಗೆ ಬಂದ ಗೃಹಸ್ಥನು, ಮಗಳ ವಿವಾಹವನ್ನು ಅವಳನ್ನು ಒಂದು ಮಾತೂ ಕೇಳದೆ ನಿಶ್ಚಯಿಸಿ ‘ಮಾತು ಕೊಟ್ಟುಬಿಟ್ಟಿದ್ದೇನೆ’ ಎನ್ನುವುದುಂಟು. ಅವನ ಮಾತಿನ ಗೌರವಕ್ಕೆ ಅವಳ ಬಾಳು ಅಡವು. ರಸಾಸ್ವಾದವು ವಿವೇಕಕ್ಕೆ ಬಾಗಿಲೇ ಹೊರತು ಮನೆಯಲ್ಲ. ಬಾಗಿಲಿನಲ್ಲಿಯೇ ನಿಂತವನು ಒಳಗೆ ಹೋದಂತಾಗಲಿಲ್ಲ. ಚಿತ್ರವು ಮುಖವನ್ನು ತೋರಿಸಬಲ್ಲದು. ಆ ಮುಖಕ್ಕೆ ಉತ್ತರ ಹೇಳಬೇಕಾದವನು ನೋಡಿದವನೇ.

ಎರಡು ಕಥೆಗಳ ಕೊನೆಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಈ ವಿಚಾರವು ಇನ್ನೂ ಸ್ಪಷ್ಟವಾಗುತ್ತದೆ. ವರ್ಜಿಲನ ಕಾವ್ಯದ ಆರನೆಯ ಭಾಗದಲ್ಲಿ ಈನಿಯಸನು ಪಾತಾಳಲೋಕಕ್ಕೆ ಹೋದಾಗ ಅಲ್ಲಿ ಡಿಡೋಳ ನೆರಳನ್ನು ಕಾಣುತ್ತಾನೆ. ಅವನು ಅಳುತ್ತಾನೆ, ತನ್ನ ಇಚ್ಛೆಯಿಂದ ಬಿಟ್ಟುಹೋದುದಲ್ಲವೆಂದು ಹೇಳಿಕೊಳ್ಳುತ್ತಾನೆ. ಅವಳು ಒಂದು ಮಾತನ್ನೂ ಆಡದೆ, ಕಣ್ಣನ್ನು ನೆಲದಲ್ಲಿ ನೆಟ್ಟಿದ್ದು, ಮುಖ ತಿರುಗಿಸಿ ಹೊರಟುಹೋಗುತ್ತಾಳೆ. ರೋಮ್ ಎಷ್ಟೇ ದೊಡ್ಡದಾದರೂ ಆ ಮೌನಕ್ಕೆ ಉತ್ತರವಾಗಲಾರದು. ಕೇಳದೆ ಪಡೆದ ಬೆಲೆಗೆ ಆಮೇಲೆ ಸಮಾಧಾನ ಹೇಳುವುದು ಹೀಗೆಯೇ ವ್ಯರ್ಥವಾಗುತ್ತದೆ.

ಹರಿಶ್ಚಂದ್ರನ ಕಥೆಯ ಕೊನೆಯು ಬೇರೆ. ನಾಟಕದ ಪರದೆಯು ಸಾಮಾನ್ಯವಾಗಿ ದೇವತೆಗಳು ಪ್ರತ್ಯಕ್ಷರಾಗಿ ಪುಷ್ಪವೃಷ್ಟಿಯಾಗುವಲ್ಲಿಗೆ ಬೀಳುತ್ತದೆ. ಆದರೆ ಮಾರ್ಕಂಡೇಯ ಪುರಾಣವು ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಮಗನು ಬದುಕುತ್ತಾನೆ, ಇಂದ್ರನು ಹೆಂಡತಿ ಮಗನೊಡನೆ ಸ್ವರ್ಗಕ್ಕೆ ಬಾರೆಂದು ಕರೆಯುತ್ತಾನೆ, ಹರಿಶ್ಚಂದ್ರನು ಹೊರಡುವುದಿಲ್ಲ. ಕೋಸಲದ ಪ್ರಜೆಗಳು ತನ್ನ ದುಃಖದಲ್ಲಿ ಮುಳುಗಿ ಕುಳಿತಿದ್ದಾರೆ, ಅವರನ್ನು ಬಿಟ್ಟು ತಾನು ಬರಲಾರೆನೆನ್ನುತ್ತಾನೆ. ಅರಸನು ಯಾಗ ಮಾಡಿದರೂ ಕೆರೆ ಕಟ್ಟಿಸಿದರೂ ಅದು ಪ್ರಜೆಗಳ ಬಲದಿಂದ; ತನ್ನ ಪುಣ್ಯವೆಂಬುದೇನಾದರೂ ಇದ್ದರೆ ಅದು ಅವರಿಗೂ ಸಮನಾಗಿ ಸಲ್ಲಲಿ, ಬಹುಕಾಲ ಅನುಭವಿಸತಕ್ಕ ಫಲವು ಒಂದೇ ದಿನಕ್ಕೆ ಕುಗ್ಗಿದರೂ ಅವರೊಡನೆ ಕೂಡಿ ಅನುಭವಿಸುವೆನೆನ್ನುತ್ತಾನೆ. ಇಂದ್ರನು ಒಪ್ಪುತ್ತಾನೆ.

ಮಾತಿಗೆ ತಪ್ಪದೆ ನಡೆದಾಗ ಹರಿಶ್ಚಂದ್ರನು ಸತ್ಯವಂತನೆನಿಸಿದನು. ಸ್ವರ್ಗದ ಬಾಗಿಲಿನಲ್ಲಿ ನಿಂತು, ಈ ಪುಣ್ಯವು ತನ್ನೊಬ್ಬನದಲ್ಲವೆಂದು ಹೇಳಿದಾಗ ಆ ಸತ್ಯವು ಪೂರ್ಣವಾಯಿತು. ಮೊದಲನೆಯದು ಮಾತಿನ ಸತ್ಯ. ಎರಡನೆಯದು ಲೆಕ್ಕದ ಸತ್ಯ. ರಂಗದಲ್ಲಿಯೂ ತೆರೆಯಲ್ಲಿಯೂ ಮೊದಲನೆಯದನ್ನು ಕಂಡು ಮೆಚ್ಚಿದ ಮನೆಗಳು ಎರಡನೆಯದನ್ನೂ ಮಕ್ಕಳಿಗೆ ಹೇಳಿಕೊಟ್ಟರೆ, ಕಥೆಗೆ ನ್ಯಾಯವನ್ನು ಸಲ್ಲಿಸಿದಂತಾಗುವುದು. ಚಂದ್ರಮತಿ ಲೋಹಿತಾಶ್ವರ ಋಣವೂ ಕಿಂಚಿತ್ತು ತೀರುವುದು.